ಚಪ್ಪಾಳೆ ಬಿದ್ದ ಸಾಲುಗಳು

ಸರಸ್ವತಿಪುರಂ, ಮೈಸೂರು

ಪ್ರೀತಿಯ ತಮ್ಮ,

ನಿನ್ನ ಕಟ್ಟು ಬಂತು. ನಾಲೆಯ ಬಗ್ಗೆ ಬರೆದ ಹಸ್ತಪ್ರತಿ ಓದಿದೆ, ಜೊತೆಗಿಟ್ಟಿದ್ದ ಕಾಗದವನ್ನೂ ಓದಿದೆ. 'ಇನ್ನು ಮೇಲೆ ವೇದಿಕೆ ಹತ್ತಲ್ಲ, ಪುಸ್ತಕವೂ ಬೇಡ' ಅಂದಿದ್ದೀಯ. ಮಂಡ್ಯದ ಪತ್ರಿಕಾ ದಿನಾಚರಣೆಯಲ್ಲಿ ಯಾರೋ ಎದ್ದು 'ಕನ್ನಂಬಾಡಿ ಕಟ್ಟಿಸಿದ್ದು ಟಿಪ್ಪುವೋ ನಾಲ್ವಡಿಯವರೋ, ಒಂದೇ ಮಾತಲ್ಲಿ ಹೇಳಿ' ಅಂದದ್ದು, ನೀನು ತಡವರಿಸಿದ್ದು, ಆ ತುಣುಕು ಊರೆಲ್ಲರ ಮೊಬೈಲಿಗೆ ಹೋದದ್ದು ಎಲ್ಲ ಗೊತ್ತು. ನನಗೂ ಕಳಿಸಿದ ಪುಣ್ಯಾತ್ಮರಿದ್ದಾರೆ.

ಅಧ್ಯಾಯ ಹೇಗೆ ಜೋಡಿಸಬೇಕು, ಪ್ರಕಾಶಕರು ಯಾರು, ಮುನ್ನುಡಿ ಯಾರಿಂದ ಬರೆಸಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಕೊಡುತ್ತಾರೆ, ಬಿಡು. ಮುನ್ನುಡಿಯಂತೂ ಬೇಡವೇ ಬೇಡ.

ನಾನು ಪೂರ್ತಿ ಭಾಷಣ ತರಿಸಿಕೊಂಡು ಕೇಳಿದೆ. ನೀನು ತಡವರಿಸಿದ್ದು ತಪ್ಪಲ್ಲ ಕಣಯ್ಯ. ಆ ಸಂಜೆ ನೀನು ಸರಿಯಾಗಿ ನಡೆದುಕೊಂಡ ಗಳಿಗೆ ಅದೊಂದೇ. ನನಗೆ ಸಿಟ್ಟು ಬಂದದ್ದು ಅದಕ್ಕೂ ಮೊದಲು, ಮಹಾರಾಣಿಯವರು ಮೈಮೇಲಿನ ಒಡವೆ ಬಿಚ್ಚಿಕೊಟ್ಟು ಕಟ್ಟೆ ಕಟ್ಟಿಸಿದರು ಅಂದೆಯಲ್ಲ, ಆಗ. ಹಸ್ತಪ್ರತಿಯಲ್ಲಿ ಇದೇ ಕಥೆಯನ್ನು ಊರ ಹಿರಿಯರ ಬಾಯಲ್ಲಿ ಹೇಳಿಸಿ, ಅಂಚಿನಲ್ಲಿ 'ಯಾವ ಒಡವೆ, ಯಾವ ವರ್ಷ, ಕೊಂಡವರು ಯಾರು, ಕಾಗದಪತ್ರ ನೋಡಬೇಕು' ಅಂತ ಪೆನ್ಸಿಲಿನಲ್ಲಿ ಗೀಚಿಕೊಂಡಿದ್ದೀಯ. ಮೈಕು ಕೈಗೆ ಬಂದ ತಕ್ಷಣ ಆ ಅನುಮಾನ ಎಲ್ಲಿ ಹೋಯಿತು? ಒಡವೆ ಅಂದಾಗ ಒಂದು ಚಪ್ಪಾಳೆ ಬಿತ್ತು. 'ಕಣ್ಣೀರು ಹಾಕುತ್ತಾ' ಬಿಚ್ಚಿಕೊಟ್ಟರು ಅಂತ ಸೇರಿಸಿದೆ, ಇನ್ನೂ ಜೋರಾಗಿ ಬಿತ್ತು. ಆ ಕಣ್ಣೀರು ನಿನ್ನ ಹಸ್ತಪ್ರತಿಯಲ್ಲಿ ಎಲ್ಲೂ ಇಲ್ಲ. ನಾನು ಎರಡು ಸಲ ಹುಡುಕಿದೆ.

ನನ್ನ ವರಾತ ಇದೇ. ಸಭೆ ತನಗೆ ಬೇಕಾದ್ದನ್ನು ನಿನ್ನ ಬಾಯಿಂದ ಹೇಳಿಸಿಕೊಳ್ಳುತ್ತದೆ, ಹೇಳಿದ್ದು ನಿನಗೆ ಗೊತ್ತೇ ಆಗುವುದಿಲ್ಲ. ಇತಿಹಾಸ ಮಾತಾಡುವವರಿಗೂ ಪತ್ರಕರ್ತರಿಗೂ ಹಿಡಿಯುವುದು ಇದೇ ಕಾಯಿಲೆ. ಮುಂದಿನ ಊರಿನಲ್ಲೂ ಅದೇ ಸಾಲು ಹೇಳುತ್ತೀಯ. ಅದರಾಚೆ ಊರಿನ ಹೊತ್ತಿಗೆ ನೀನೇ ನಂಬಿರುತ್ತೀಯ. ಆಮೇಲೆ ಒಬ್ಬರು ಸಂದರ್ಶನ ಮಾಡಿ ಅದನ್ನು ಅಚ್ಚು ಹಾಕುತ್ತಾರೆ, ಇನ್ನೊಬ್ಬರು ಆ ಸಂದರ್ಶನವನ್ನೇ ಆಧಾರ ಅಂತ ತೋರಿಸುತ್ತಾರೆ. ಅಲ್ಲಿಗೆ ಅದು ಇತಿಹಾಸ!

ಆ ಪ್ರಶ್ನೆಯನ್ನೇ ತೆಗೆದುಕೋ. ಕನ್ನಂಬಾಡಿ ಕಟ್ಟೆ ಇರುವ ಕೆ.ಆರ್.ಎಸ್.ನಲ್ಲಿ ಟಿಪ್ಪುವಿನ ಪಾರ್ಸಿ ಶಾಸನ ಇದೆ, 1794ರದ್ದು. ಕಾವೇರಿಗೆ ಕಟ್ಟೆ ಕಟ್ಟುವ ಮಾತು ಅದರಲ್ಲಿದೆ. ಈಗ ನಿಂತಿರುವ ಕಟ್ಟೆಯ ಕೆಲಸ ಶುರುವಾದದ್ದು ನಾಲ್ವಡಿಯವರ ಕಾಲದಲ್ಲಿ, 1911ರಲ್ಲಿ. ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಹೋದ ಮೇಲೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಲ್ಲು ಗಾರೆ ಏರುತ್ತಲೇ ಇತ್ತು. ನಡುವೆ ಕಾವೇರಿ ನೀರಿಗೆ ಮದ್ರಾಸಿನವರ ತಕರಾರು, ಮಧ್ಯಸ್ಥರ ಪಂಚಾಯಿತಿ, 1924ರ ಒಪ್ಪಂದ. ಇದನ್ನು ಒಂದೇ ಮಾತಲ್ಲಿ ಹೇಳು ಅನ್ನುವವರಿಗೆ ಉತ್ತರ ಬೇಕಾಗಿಲ್ಲ, ನೀನು ಯಾರ ಕಡೆಯವನು ಅಂತ ತಿಳಿಯಬೇಕಾಗಿದೆ, ಅಷ್ಟೇ. ಆ ಶಾಸನದಲ್ಲಿ ಹೊಸದಾಗಿ ಸಾಗುವಳಿ ಮಾಡುವವರಿಗೆ ಸರ್ಕಾರದ ಪಾಲಿನಲ್ಲಿ ಕಾಲು ಭಾಗ ಬಿಡುವ ಮಾತೂ ಇದೆ. ಟಿಪ್ಪು, ನಾಲ್ವಡಿ ಅಂತ ಕೂಗಾಡಿದ ಎರಡೂ ಗುಂಪಿನವರಿಗೆ ಅದು ಬೇಕಿತ್ತೇ? ಕನ್ನಂಬಾಡಿ ಅನ್ನುವ ಊರೇ ನೀರಿನಡಿ ಹೋಯಿತು, ಅಲ್ಲಿಯ ಒಕ್ಕಲುಗಳು ಏನಾದರು ಅಂತ ನಿನ್ನ ಸಭೆಯಲ್ಲಿ ಕೇಳಿದವರು ಯಾರೂ ಇಲ್ಲ. ನೀನೂ ಹೇಳಲಿಲ್ಲ.

'ಹಿಂದೆ ಪತ್ರಿಕೆಗಳಿಗೆ ಎಂಥ ಸ್ವಾತಂತ್ರ್ಯ ಇತ್ತು' ಅಂತಲೂ ಒಂದು ಮಾತು ಬಿಟ್ಟೆ. ಅದಕ್ಕೂ ಚಪ್ಪಾಳೆ. ನಮ್ಮ ಮೈಸೂರು ಸಂಸ್ಥಾನವೇ 1908ರಲ್ಲಿ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾನೂನು ತಂದಿತ್ತು. ಪತ್ರಿಕೆ ನಡೆಸುತ್ತಿದ್ದ 'ತಾತಯ್ಯ' ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ಬಗ್ಗದೆ ಪತ್ರಿಕೆಯನ್ನೇ ನಿಲ್ಲಿಸಿದರು. ಪತ್ರಿಕಾ ದಿನದಂದು ಹೇಳಬೇಕಾದ್ದು ಇದಲ್ಲವಾ ಮಾರಾಯ?

ನನಗೂ ಒಂದು ಹಳೇ ಹುಣ್ಣಿದೆ. ಒಂದು ಪತ್ರಿಕೆಯವರು ಮನೆಗೆ ಬಂದು ಕಾಫಿ ಕುಡಿದು, ಮದ್ದೂರಿನ ಹತ್ತಿರ ನಡೆದ 1938ರ ಶಿವಪುರ ಧ್ವಜ ಸತ್ಯಾಗ್ರಹದ ಬಗ್ಗೆ ಸಂದರ್ಶನ ಮಾಡಿಕೊಂಡು ಹೋದರು. ಮುಖಂಡರ ಹೆಸರುಗಳು ಉಳಿದಿವೆ, ಮಿಕ್ಕವರನ್ನು ಇನ್ನೂ ಹುಡುಕಬೇಕು ಅಂದಿದ್ದೆ. ಮಾರನೆಯ ಭಾನುವಾರದ ತಲೆಬರಹ: 'ಶಿವಪುರವನ್ನು ಮರೆತ ಮಂಡ್ಯದ ಜನ'. ಮದ್ದೂರಿನ ಕಡೆಯವರು ಎಷ್ಟೋ ವರ್ಷ ನನ್ನನ್ನು ಮಾತಾಡಿಸಲಿಲ್ಲ. ಸ್ಪಷ್ಟನೆ ಬರೆದು ಕಳಿಸಿದೆ, ಒಳಪುಟದಲ್ಲಿ ಟೆಂಡರ್ ಪ್ರಕಟಣೆಯ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬಂತು. ತಮಾಷೆ ಏನೆಂದರೆ ಇವತ್ತಿಗೂ ನನ್ನನ್ನು ಸಭೆಗೆ ಪರಿಚಯಿಸುವವರು 'ಶಿವಪುರವನ್ನು ಮರೆತ ಜನ ಎಂದು ಗುಡುಗಿದ' ಅಂತಲೇ ಶುರು ಮಾಡುತ್ತಾರೆ, ಸಭಿಕರು ಚಪ್ಪಾಳೆ ತಟ್ಟುತ್ತಾರೆ. ನಾನು ಗುಡುಗಿಲ್ಲ. ನಾನು ಆವತ್ತು ಕೆಮ್ಮುತ್ತಿದ್ದೆ.

ಇಷ್ಟು ಬೈದದ್ದು ಯಾಕೆ ಗೊತ್ತಾ? ನಿನ್ನ ಹಸ್ತಪ್ರತಿಯಲ್ಲಿ ಗದ್ದೆಗಳಿಗೆ ನೀರು ಬಿಡುವ ಸೌಡಿಯ ಅಧ್ಯಾಯದಿಂದಾಗಿ. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿ ಪ್ರಕಾರ, ನೀರು ಬಿಡುವ ಕಾಲ, ನಾಲೆಯ ಕೊನೇ ಭಾಗದ ನಿನ್ನೂರು, ನಡುರಾತ್ರಿ ತೂಬಿನ ಹತ್ತಿರ ಬ್ಯಾಟರಿ ಹಿಡಿದು ಕೂತ ನಿನ್ನ ತಾತ. ಒಣಗಿದ ಕಾಲುವೆಯಲ್ಲಿ ತರಗು ಸರಸರ ಅಂದ ಸದ್ದು ಮೊದಲು ಕೇಳುತ್ತದೆ, ನೀರು ಆಮೇಲೆ ಕಾಣುತ್ತದೆ ಅಂತ ಬರೆದಿದ್ದೀಯ. ಇದನ್ನು ಮೈಸೂರಿನ ನಲ್ಲಿ ನೀರು ಕುಡಿದು ಬೆಳೆದ ನಾನು ಏಳು ಜನ್ಮ ಎತ್ತಿದರೂ ಬರೆಯಲಾರೆ. ನಾಲೆ ಹಾದುಹೋಗುವ ಹುಲಿಕೆರೆ ಸುರಂಗದ ಪುಟಗಳೂ ಚೆನ್ನಾಗಿವೆ, ಸ್ವಲ್ಪ ಉದ್ದ. ಆ ತೂಬಿನ ರಾತ್ರಿಯನ್ನು ಸಭೆಯಲ್ಲಿ ಓದಬಹುದಿತ್ತಲ್ಲ? ಚಪ್ಪಾಳೆ ಬೀಳುತ್ತಿರಲಿಲ್ಲ, ನಿಜ. ಮುಂದಿನ ಸಾಲಿನ ಮುಖಂಡರು ವಾಚು ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳಲಿ.

ಯಾದವಗಿರಿಯ ಆಕಾಶವಾಣಿಯವರು ಯಾವತ್ತಾದರೂ ಕರೆದರೆ ಬಿಡಬೇಡ. ಗಾಜಿನಾಚೆ ಕೂತಿರುವವರು ನೀನು ಏನೇ ಅಂದರೂ ತಲೆ ಎತ್ತುವುದಿಲ್ಲ, ಅಲ್ಲಿ ಕಣ್ಣೀರು ಸೇರಿಸುವ ಚಪಲ ಹುಟ್ಟುವುದಿಲ್ಲ.

ಈಗ ಒಂದು ಕೆಲಸ ಮಾಡು. ಆ ಭಾಷಣವನ್ನು ಪೂರ್ತಿ ಕೇಳಿ ಬರೆದುಕೋ. ಚಪ್ಪಾಳೆ ಬಿದ್ದ ಸಾಲುಗಳಿಗೆಲ್ಲ ಕೆಳಗೆ ಗೆರೆ ಹಾಕು. ಒಂದೊಂದನ್ನೂ ಹಸ್ತಪ್ರತಿಯ ಪಕ್ಕ ಇಟ್ಟು ನೋಡು, ಅಲ್ಲಿಲ್ಲದ್ದು ಇಲ್ಲಿ ಏನು ಬಂದಿದೆ ಅಂತ. ನಾಚಿಕೆಯಾಗುತ್ತದೆ, ಆಗಲಿ.

ಪಾಂಡವಪುರದ ಕಾಲೇಜಿನವರು ಕರೆದಿದ್ದಾರೆ, ಬರಲ್ಲ ಅಂತ ಹೇಳಿಬಿಡಲಾ ಅಂತ ಕೇಳಿದ್ದೀಯ. ಹೋಗು. ಒಡವೆಯ ಕಥೆ ಕೇಳಿದರೆ ಹಿರಿಯರಿಂದ ಕೇಳಿದ್ದೇನೆ, ಕಾಗದ ಇನ್ನೂ ಸಿಕ್ಕಿಲ್ಲ ಅನ್ನು. ಬಂದ ಮೇಲೆ ಅದರ ವಿಡಿಯೋ ನನಗೆ ಕಳಿಸಬೇಡ, ನೋಡುವಷ್ಟು ತಾಳ್ಮೆ ಉಳಿದಿಲ್ಲ. ಸುರಂಗದ ಅಧ್ಯಾಯವನ್ನು ಅರ್ಧಕ್ಕೆ ಇಳಿಸಿ ಕಳಿಸು.

ನಿನ್ನ ಹಿತೈಷಿ