ಗೋವಾಕ್ಕೆ ಹೊರಟ ಗೆಳೆಯನಿಗೊಂದು ಪತ್ರ

ಧಾರವಾಡ

ಪ್ರೀತಿಯ ಗೆಳೆಯಾ,

ದಸರಾ ರಜೆಗೆ ಮನೆಮಂದಿಯನ್ನೆಲ್ಲ ಕರ್ಕೊಂಡು ಗೋವಾಕ್ಕೆ ಹೊರಟಿದ್ದೀಯ ಅಂತ ತಿಳಿದು ಖುಷಿಯಾಯಿತು. ನೀನು ಕಳಿಸಿದ ಪಟ್ಟಿ ನೋಡಿದೆ. ಎಲ್ಲವೂ ಬೀಚುಗಳೇ. ಸಮುದ್ರ ಬೇಡ ಅನ್ನೋದಿಲ್ಲ, ಗದಗಿನಿಂದ ಹೋಗೋ ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ಒಂದು ಪೂರ್ತಿ ದಿನ ಹಳೆ ಗೋವಾಕ್ಕೆ, ಇನ್ನರ್ಧ ದಿನ ಪಣಜಿಗೆ ತೆಗೆದಿಡು. ಗೋವಾದ ಜೊತೆ ನಮ್ಮ ಸೀಮೆಗೆ ಎಷ್ಟು ಹಳೆಯ ನಂಟಿದೆ ಅನ್ನೋದು ಅಲ್ಲಿ ಕಣ್ಣಿಗೇ ಕಾಣುತ್ತೆ. ಅದನ್ನು ನೋಡದೆ ಬರಬೇಡ.

ಈಗಿನ ರಾಜಧಾನಿ ಪಣಜಿ. ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದೂರ, ಅದೇ ಮಾಂಡವಿ ನದಿಯ ದಂಡೆಯ ಮೇಲೆ ಹಳೆ ಗೋವಾ ಇದೆ. 1510ರ ನವೆಂಬರ್ 25ರಂದು ಅಫೋನ್ಸೊ ಡಿ ಅಲ್ಬುಕರ್ಕ್ ಅದನ್ನು ನಮ್ಮ ಬಿಜಾಪುರದ ಆದಿಲ್‌ಶಾಹಿಗಳಿಂದ ಕಿತ್ತುಕೊಂಡ. ಮುಂದೆ ಪೂರ್ವದ ಪೋರ್ಚುಗೀಸ್ ಆಳ್ವಿಕೆಗೆಲ್ಲ ಅದೇ ರಾಜಧಾನಿಯಾಯಿತು. ಆಮೇಲೆ ಮಲೇರಿಯಾ, ಕಾಲರಾ ಬಂದು ಊರು ಖಾಲಿಯಾಗುತ್ತ ಹೋಯಿತು. 1759ರಲ್ಲಿ ವೈಸರಾಯ್ ಪಣಜಿಗೆ ಮನೆ ಬದಲಿಸಿದ. 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿ ಆಯಿತು. ಹಳೆಯ ಮನೆಗಳನ್ನು ಕೆಡವಿ ಕಲ್ಲು, ತೊಲೆ ಹೊತ್ತುಕೊಂಡು ಹೋಗಿ ಪಣಜಿಯಲ್ಲಿ ಹೊಸದಾಗಿ ಕಟ್ಟಿಕೊಂಡರು. ಉಳಿದದ್ದು ಹೆಚ್ಚಾಗಿ ಚರ್ಚುಗಳು. ಅದಕ್ಕೇ ಇವತ್ತು ಅಲ್ಲಿ ಹಸಿರು ಹುಲ್ಲಿನ ನಡುವೆ ಇಷ್ಟಿಷ್ಟು ದೊಡ್ಡ ಚರ್ಚುಗಳು ಕಾಣುತ್ತವೆ, ಸುತ್ತ ಊರೇ ಕಾಣೋದಿಲ್ಲ. ಒಂದು ಕಾಲಕ್ಕೆ ಅಲ್ಲೆಲ್ಲ ಓಣಿಗಳಿದ್ದವು, ಸಂತೆ ಇತ್ತು ಅನ್ನೋದನ್ನು ಮಕ್ಕಳಿಗೆ ಮೊದಲೇ ಹೇಳು.

ಪೋರ್ಚುಗೀಸರಿಗಿಂತ, ಆದಿಲ್‌ಶಾಹಿಗಳಿಗಿಂತ ಮುಂಚೆ ಅಲ್ಲಿ ಆಳಿದವರು ಗೋವಾ ಕದಂಬರು. ಅಲ್ಲಿನ ಸರ್ಕಾರಿ ಬಸ್ಸಿನ ಮೇಲೆ ಇವತ್ತಿಗೂ ‘ಕದಂಬ’ ಅಂತ ಹೆಸರಿದೆ, ನೋಡಿರ್ತೀಯ. ಅವರ ರಾಜಧಾನಿ ಗೋಪಕಪಟ್ಟಣ ಇದ್ದದ್ದು ಝುವಾರಿ ನದಿಯ ದಂಡೆಯಲ್ಲಿ. ಆಳ್ವಿಕೆ ಮಾತ್ರ ಹಲಸಿ, ಧಾರವಾಡದ ತನಕ ಹಬ್ಬಿತ್ತು. ನಮ್ಮ ಮನೆಯಿಂದ ಕೂಗಳತೆಯಲ್ಲಿರೋ ನರೇಂದ್ರದಲ್ಲಿ 1125ರ ಒಂದು ಶಾಸನ ಇದೆ. ಗೋವಾ ಕದಂಬರ ದೊರೆಯೊಬ್ಬ ಹಡಗುಗಳನ್ನು ಸಾಲಾಗಿ ನಿಲ್ಲಿಸಿ ಸಮುದ್ರದ ಮೇಲೆ ಸೇತುವೆ ಕಟ್ಟಿದ ಅಂತ ಅದರಲ್ಲಿ ಹೊಗಳಿದ್ದಾರೆ. ಕಪ್ಪು ಮಣ್ಣಿನ ಹೊಲಗಳ ನಡುವಿನ ಊರಿನಲ್ಲಿ ಕೂತು ಸಮುದ್ರದ ಮೇಲಿನ ಹಡಗಿನ ಮಾತು ಬರೆಸಿದ್ದಾರಲ್ಲ, ಅದು ನನಗೆ ತುಂಬ ಇಷ್ಟ.

ಅದಕ್ಕೇ ನೀನು ಹಳೆ ಗೋವಾದಲ್ಲಿ ಮೊದಲು ಮ್ಯೂಸಿಯಂಗೆ ಹೋಗು. ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿಗೆ ಅಂಟಿಕೊಂಡ ಹಳೆಯ ಮಠದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಬಂದವರು ಮೇಲಿನ ವೈಸರಾಯ್‌ಗಳ ಚಿತ್ರಗಳ ಸಾಲಿನ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ನೀನು ವೀರಗಲ್ಲುಗಳನ್ನು ಹುಡುಕು. ನಿಮ್ಮ ಗದಗ, ಲಕ್ಕುಂಡಿ ಕಡೆ ವೀರಗಲ್ಲು ಅಂದ್ರೆ ಕುದುರೆ, ಬಿಲ್ಲು, ಆಕಳ ಹಿಂಡು. ತುರು ಬಿಡಿಸಲು ಹೋಗಿ ಸತ್ತವನ ಕಥೆ. ಇಲ್ಲಿನ ಕದಂಬರ ಕಾಲದ ಕಲ್ಲಿನ ಮೇಲೆ ಹಡಗಿದೆ. ಅದರೊಳಗೆ ಸಾಲಾಗಿ ಹುಟ್ಟು ಹಾಕುವವರು, ಯುದ್ಧ ಮಾಡುವವರು. ಮೇಲಿನ ಪಟ್ಟಿಕೆಗೆ ಹೋದ್ರೆ ಮತ್ತೆ ನಮಗೆ ಗೊತ್ತಿರೋ ಹಾಗೇ, ಸತ್ತ ವೀರ ಶಿವನ ಸನ್ನಿಧಿ ಸೇರುತ್ತಾನೆ. ನರೇಂದ್ರದ ಶಾಸನದ ಮಾತು ಮತ್ತು ಈ ಕಲ್ಲು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡು. ಪಕ್ಕದ ಚರ್ಚಿನೊಳಗೂ ಒಂದು ಸುತ್ತು ಹಾಕು. ಅಲ್ಲಿ ನೆಲದ ತುಂಬ ಗೋರಿಗಳ ಚಪ್ಪಡಿ ಹಾಸಿದೆ. ಮನೆತನದ ಲಾಂಛನ ಕೆತ್ತಿದ ಆ ಕಲ್ಲುಗಳು ನಡೆದೂ ನಡೆದೂ ನುಣುಪಾಗಿವೆ.

ಅದೇ ಆವರಣದಲ್ಲಿ ಸೆ ಕೆಥೆಡ್ರಲ್. 1562ರಲ್ಲಿ ಶುರುವಾಗಿ 1619ಕ್ಕೆ ಕಟ್ಟಡ ಮುಗಿಯಿತು, ಒಳಗಿನ ಕೆಲಸ ಇನ್ನೂ ಕೆಲವು ದಶಕ ನಡೆಯಿತು. ಅಲ್ಬುಕರ್ಕ್ ಗೆದ್ದ ದಿನ ಸಂತ ಕ್ಯಾಥರೀನಳ ಹಬ್ಬ, ಅದಕ್ಕೇ ಚರ್ಚು ಅವಳ ಹೆಸರಿನಲ್ಲಿದೆ. ಮುಂಭಾಗ ಒಂದು ಕಡೆ ಬೋಳು ಅನ್ನಿಸುತ್ತೆ. ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು, ಮತ್ತೆ ಕಟ್ಟಲೇ ಇಲ್ಲ. ಉಳಿದ ಗೋಪುರದಲ್ಲಿರೋದು ‘ಚಿನ್ನದ ಗಂಟೆ’. ದನಿ ಅಷ್ಟು ಇಂಪು ಅಂತ ಆ ಹೆಸರು.

ರಸ್ತೆ ದಾಟಿದರೆ ಬಾಮ್ ಜೀಸಸ್ ಬೆಸಿಲಿಕಾ. ಇಲ್ಲಿ ಜನಜಂಗುಳಿ ಇರುತ್ತೆ. 1594ರಲ್ಲಿ ಶುರು ಮಾಡಿ 1605ರಲ್ಲಿ ಪ್ರತಿಷ್ಠೆ ಮಾಡಿದರು. ಕ್ರೈಸ್ತ ಧರ್ಮ ಪ್ರಚಾರಕ್ಕೆ ಗೋವಾಕ್ಕೆ ಬಂದಿದ್ದ ಸಂತ ಫ್ರಾನ್ಸಿಸ್ ಝೇವಿಯರ್ 1552ರಲ್ಲಿ ಚೀನಾ ತೀರದ ಒಂದು ದ್ವೀಪದಲ್ಲಿ ತೀರಿಕೊಂಡರು. ಅವರ ದೇಹ ಇಲ್ಲಿ ಬೆಳ್ಳಿ ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೈಕೆಲಸ. ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಟಸ್ಕನಿಯ ದೊರೆ ಕಳಿಸಿದ್ದು. ಮೇಲಿನದು ಇಲ್ಲಿಯವರ ಕೈ, ಕೆಳಗಿನದು ಇಟಲಿಯವರ ಕೈ. ಎರಡನ್ನೂ ಬೇರೆ ಮಾಡಿ ನೋಡು, ನನಗಂತೂ ಬೆಳ್ಳಿ ಕೆಲಸವೇ ಒಂದು ಕೈ ಮೇಲು ಅನ್ನಿಸುತ್ತೆ. ಹತ್ತು ವರ್ಷಕ್ಕೊಮ್ಮೆ ದೇಹವನ್ನು ಕೆಳಗಿಳಿಸಿ ದರ್ಶನಕ್ಕಿಡುತ್ತಾರೆ. ಹಿಂದಿನ ದರ್ಶನ 2024ರ ನವೆಂಬರ್‌ನಿಂದ 2025ರ ಜನವರಿವರೆಗೆ ನಡೆಯಿತು.

ಇನ್ನೊಂದು ವಿಷಯ. ಉಳಿದ ಚರ್ಚುಗಳೆಲ್ಲ ಸುಣ್ಣ ಬಳಿದು ಬೆಳ್ಳಗಿವೆ, ಇದೊಂದು ಮಾತ್ರ ಕೆಂಪು. ಮೊದಲಿಂದ ಹೀಗಿರಲಿಲ್ಲ. 1950ರ ದಶಕದಲ್ಲಿ ಗಾರೆ ಕಿತ್ತು ಜಂಬಿಟ್ಟಿಗೆ ಕಲ್ಲನ್ನು ಬಯಲು ಮಾಡಿದರು. ನೋಡೋಕೆ ಚೆಂದ, ನಿಜ. ಆದರೆ ಆ ಕಲ್ಲು ತೂತು ತೂತು, ಮಳೆ ನೀರು ಹೀರಿಕೊಳ್ಳುತ್ತೆ. ಮತ್ತೆ ಗಾರೆ ಹಚ್ಚಬೇಕು ಅನ್ನೋ ಕೂಗಿದೆ. ನಾನೂ ಅದೇ ಪಕ್ಷ. ಗೋವಾದ ಮಳೆಗೆ ಬರಿಮೈಯಲ್ಲಿ ನಿಲ್ಲಿಸೋದು ಸರಿಯಲ್ಲ.

ಬೆಸಿಲಿಕಾ ಮುಗಿಸಿ ಜನ ವಾಪಸ್ ಬಸ್ ಹತ್ತುತ್ತಾರೆ. ನೀನು ಹಾಗೆ ಮಾಡಬೇಡ. ಹಿಂದಿನ ಗುಡ್ಡ ಏರು. ಮೇಲೆ ಸೇಂಟ್ ಅಗಸ್ಟೀನ್ ಚರ್ಚಿನ ಅವಶೇಷ ಇದೆ. 46 ಮೀಟರ್ ಎತ್ತರದ ಒಂದೇ ಒಂದು ಗೋಪುರ, ಅದೂ ಅರ್ಧ ಸೀಳಿದ ಹಾಗೆ ನಿಂತಿದೆ. 1602ರಲ್ಲಿ ಮುಗಿದ ಈ ಚರ್ಚಿಗೆ ಇಂಥ ನಾಲ್ಕು ಗೋಪುರಗಳಿದ್ದವು. 1835ರಲ್ಲಿ ಸನ್ಯಾಸಿಗಳನ್ನು ಹೊರಗೆ ಹಾಕಿದ ಮೇಲೆ ಕಟ್ಟಡ ಪಾಳು ಬಿತ್ತು. 1842ರಲ್ಲಿ ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗವೂ ಬಿತ್ತು. ಗೋಡೆಗಳ ನಡುವೆ ಆಕಾಶ ನೋಡುತ್ತ ಓಡಾಡಬಹುದು. ಜಾರ್ಜಿಯಾ ದೇಶದ ರಾಣಿ ಕೆಟೆವಾನ್ ಕಥೆಯನ್ನು ಅಲ್ಲೇ ನಿಂತು ಮಕ್ಕಳಿಗೆ ಹೇಳು. ಧರ್ಮ ಬಿಡೋದಿಲ್ಲ ಅಂದಿದ್ದಕ್ಕೆ ಅವಳನ್ನು 1624ರಲ್ಲಿ ಇರಾನಿನ ಶಿರಾಜ್‌ನಲ್ಲಿ ಕೊಂದರು. ಸನ್ಯಾಸಿಗಳು ಅವಳ ಅಸ್ಥಿಯ ಒಂದು ಪಾಲನ್ನು ತಂದು ಈ ಗುಡ್ಡದ ಮೇಲೆ ಇಟ್ಟರು. ಅಗೆತದಲ್ಲಿ ಮೂಳೆ ಸಿಕ್ಕಿತು, ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ಆಯಿತು. 2021ರಲ್ಲಿ ನಮ್ಮ ಸರ್ಕಾರ ಅದರ ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಈ ಚರ್ಚಿನ ದೊಡ್ಡ ಗಂಟೆ 1871ರಿಂದ ಪಣಜಿಯಲ್ಲಿದೆ.

ಕೆಳಗಿಳಿದು ನದಿ ಕಡೆ ನಡೆದರೆ ಸೇಂಟ್ ಕಜೆಟನ್ ಚರ್ಚು ಸಿಗುತ್ತೆ, ರೋಮಿನ ಸೇಂಟ್ ಪೀಟರ್ಸ್ ಮಾದರಿಯದು. ಅದಕ್ಕಿಂತ ಅದರ ಆವರಣದಲ್ಲಿ ಒಂಟಿಯಾಗಿ ನಿಂತ ಕಪ್ಪು ಕಲ್ಲಿನ ಬಾಗಿಲವಾಡ ಮುಖ್ಯ. ಎರಡು ಕಂಬ, ಮೇಲೊಂದು ತೊಲೆ, ಅಷ್ಟೇ. ಆದಿಲ್‌ಶಾಹಿ ಅರಮನೆಯಲ್ಲಿ ಉಳಿದದ್ದು ಇದೇ. ಕೆತ್ತನೆ ಮಾತ್ರ ನಮ್ಮ ಕಡೆಯ ಗುಡಿಗಳ ಜಾತಿಯದು. ಅದಕ್ಕೂ ಹಳೆಯ ಗುಡಿಯಿಂದ ತಂದ ಕಲ್ಲು ಅನ್ನುವವರೂ ಇದ್ದಾರೆ. ಅಲ್ಲಿಂದ ಮುಂದೆ 1599ರ ವೈಸರಾಯ್ ಕಮಾನು. ಹೊಸ ವೈಸರಾಯ್‌ಗಳು ಹಡಗಿಳಿದು ಅದರ ಕೆಳಗೇ ಊರೊಳಗೆ ಬರುತ್ತಿದ್ದರು. ದಂಡೆಯಲ್ಲಿ ನಿಂತರೆ ಎದುರಿಗೆ ದಿವಾಡಿ ದ್ವೀಪ. ಕದಂಬರ ಕುಲದೈವ ಸಪ್ತಕೋಟೀಶ್ವರನ ಗುಡಿ ಇದ್ದದ್ದು ಅಲ್ಲಿ. ಪೋರ್ಚುಗೀಸರು ಅದನ್ನು ಕೆಡವಿದರು. ಭಕ್ತರು ದೇವರನ್ನು ನದಿಯಾಚೆ ನಾರ್ವೆ ಅನ್ನೋ ಊರಿಗೆ ಸಾಗಿಸಿದರು, ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ.

ಈ ಮಾತನ್ನು ಮಕ್ಕಳಿಂದ ಮುಚ್ಚಿಡಬೇಡ. 1560ರಿಂದ 1812ರವರೆಗೆ ಅಲ್ಲಿ ಇನ್‌ಕ್ವಿಸಿಷನ್ ಅನ್ನೋ ಧಾರ್ಮಿಕ ವಿಚಾರಣೆ ಇತ್ತು, ಅಂದ್ರೆ ಕ್ಯಾಥೊಲಿಕ್ ಧರ್ಮಕ್ಕೆ ವಿರುದ್ಧ ನಡೆದರು ಅಂತ ಜನರನ್ನು ಹಿಡಿದು ಶಿಕ್ಷಿಸುವ ಚರ್ಚಿನ ನ್ಯಾಯಾಲಯ. ಎಷ್ಟೋ ಮನೆತನಗಳು ದೇವರನ್ನು ಎತ್ತಿಕೊಂಡು ಫೋಂಡಾ ಕಡೆಗೆ ಓಡಿದವು, ಮಂಗೇಶಿ ದೇವಸ್ಥಾನ ಹಾಗೆ ಬಂದದ್ದೇ. ಚರ್ಚುಗಳ ಚೆಲುವೂ ನಿಜ, ಈ ನೋವೂ ನಿಜ. ಎರಡನ್ನೂ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತೆ.

ಪಣಜಿಯಲ್ಲಿ ಇಮ್ಯಾಕ್ಯುಲೇಟ್ ಕನ್ಸೆಪ್ಶನ್ ಚರ್ಚು ನೋಡು, ಅಂಕುಡೊಂಕು ಮೆಟ್ಟಿಲಿನ ಬಿಳಿ ಚರ್ಚು. ಗುಡ್ಡದ ಮೇಲಿನ ಆ ಅಗಸ್ಟೀನ್ ಗಂಟೆ ಇದರ ನೆತ್ತಿಯಲ್ಲಿದೆ. ಆಮೇಲೆ ಫೊಂಟೈನಾಸ್ ಓಣಿಗಳಲ್ಲಿ ಸುಮ್ನೆ ನಡೆದಾಡು. ಹಳದಿ, ನೀಲಿ ಬಣ್ಣದ ಹಳೆಯ ಮನೆಗಳು. ಒಳಗೆ ಜನ ಬಾಳುವೆ ಮಾಡ್ತಿದ್ದಾರೆ, ಬಾಗಿಲ ಮುಂದೆ ನಿಂತು ಫೋಟೊ ತೆಗೆಯಬೇಡಿ. ಕೊನೆಯಲ್ಲಿ ಸೇಂಟ್ ಸೆಬಾಸ್ಟಿಯನ್ ಎಂಬ ಪುಟ್ಟ ಚರ್ಚಿದೆ. ಅಲ್ಲಿನ ಶಿಲುಬೆ ಮೊದಲು ಇನ್‌ಕ್ವಿಸಿಷನ್ ಅರಮನೆಯಲ್ಲಿತ್ತು. ಸಾಮಾನ್ಯವಾಗಿ ಶಿಲುಬೆಯ ಏಸು ತಲೆ ಬಾಗಿಸಿರುತ್ತಾನೆ. ಇಲ್ಲಿ ತಲೆ ಎತ್ತಿ, ಕಣ್ಣು ಬಿಟ್ಟು ನೇರ ನೋಡುತ್ತಾನೆ. ವಿಚಾರಣೆಗೆ ನಿಂತವರು ಆ ಕಣ್ಣುಗಳನ್ನು ಎದುರಿಸಬೇಕಿತ್ತು.

ರಾಮನಗರ, ಅನಮೋಡ ಘಾಟಿನ ಬಸ್ ಹಿಡಿದರೆ ಫೋಂಡಾ ಆದ ಮೇಲೆ ಮೊದಲು ಹಳೆ ಗೋವಾ ಬರುತ್ತೆ, ಆಮೇಲೆ ಪಣಜಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪೂಜೆ ಇರುತ್ತೆ, ಶುಕ್ರವಾರ ಮ್ಯೂಸಿಯಂ ಬಂದ್. ಆದ್ದರಿಂದ ಹಳೆ ಗೋವಾವನ್ನು ಶನಿವಾರಕ್ಕೆ ಇಟ್ಟುಕೋ. ವಾಪಸ್ ಬರುವಾಗ ಧಾರವಾಡದಲ್ಲಿ ಇಳಿ, ನರೇಂದ್ರಕ್ಕೆ ನಾನೇ ಕರ್ಕೊಂಡು ಹೋಗ್ತೀನಿ.

ನಿನ್ನ ಗೆಳೆಯ