ಕೆಲಸ ಕಿತ್ತುಕೊಂಡವರು ಯಾರು?

ಮಾನ್ಯ ಸಂಪಾದಕರೇ,

ಟ್ರಂಪ್ ಸುಂಕದ ಬಗ್ಗೆ ಈ ಅಂಕಣದಲ್ಲಿ ಬರುತ್ತಿರುವ ಪತ್ರಗಳನ್ನು ಓದುತ್ತಿದ್ದೇನೆ. ‘ಅವರ ಜನರಿಗೆ ಅವರು ಕೆಲಸ ಉಳಿಸಿಕೊಳ್ಳುತ್ತಾರೆ, ತಪ್ಪೇನು?’ ಎಂದು ನಮ್ಮವರೇ ಕೇಳುತ್ತಿದ್ದಾರೆ. ಮುಂಬೈ ಕನ್ನಡಿಗರು ಹೀಗೆ ಕೇಳುವುದು ವಿಚಿತ್ರ. ಈ ಲೆಕ್ಕಾಚಾರದ ಪೆಟ್ಟು ತಿಂದವರಲ್ಲಿ ನಾವೂ ಇದ್ದೆವಲ್ಲ.

1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ‘ಮದ್ರಾಸಿ’ಗಳು. ಉಡುಪಿ, ಕುಂದಾಪುರದವರೂ ಅದರಲ್ಲೇ ಜಮಾ. ಶಿವಸೇನೆ ಕಟ್ಟಿದ ಬಾಳ ಠಾಕ್ರೆಯವರ ‘ಮಾರ್ಮಿಕ್’ ಪತ್ರಿಕೆಯಲ್ಲಿ ದಕ್ಷಿಣದ ಅಧಿಕಾರಿಗಳ ಹೆಸರಿನ ಪಟ್ಟಿ ಬರುತ್ತಿತ್ತು, ಉಡುಪಿ ಹೋಟೆಲುಗಳಿಗೆ ಕಲ್ಲು ಬೀಳುತ್ತಿತ್ತು. ಇದರ ಹಿಂದಿದ್ದ ಅರ್ಥಶಾಸ್ತ್ರ ಇಷ್ಟೇ: ಊರಲ್ಲಿರುವ ಕೆಲಸ ಇಂತಿಷ್ಟೇ, ಹೊರಗಿನವ ಒಂದು ಹಿಡಿದರೆ ಇಲ್ಲಿಯವನಿಗೆ ಒಂದು ಕಡಿಮೆ. ಆದರೆ ಆ ಹೋಟೆಲಿಗೆ ಹಾಲು, ತರಕಾರಿ ತಂದುಕೊಡುತ್ತಿದ್ದವರು ಯಾರು? ಅಲ್ಲಿ ಅಗ್ಗಕ್ಕೆ ರೈಸ್‌ಪ್ಲೇಟ್ ಉಂಡು ಪಾಳಿಗೆ ಓಡುತ್ತಿದ್ದವರು ಯಾರು? ಅದನ್ನು ಯಾರೂ ಲೆಕ್ಕ ಹಿಡಿಯಲಿಲ್ಲ.

1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಬಟ್ಟೆ ಮಿಲ್ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು, ಬಹಳ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಯಾವ ಶೆಟ್ಟರೂ ಆ ಕೆಲಸ ಕಿತ್ತುಕೊಂಡಿರಲಿಲ್ಲ. ಮಿಲ್ಲಿನ ಜಾಗ ಮಾರಿದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮೈದಾನಕ್ಕೆ, ಇನ್ನೊಂದು ಪಾಲು ಸರ್ಕಾರಿ ಮನೆಗಳಿಗೆ ಅಂತ 1991ರಲ್ಲಿ ನಿಯಮ ಬಂತು. 2001ರಲ್ಲಿ ಅದನ್ನು ತಿದ್ದಿ, ಖಾಲಿ ಬಿದ್ದಿರುವ ಜಾಗಕ್ಕೆ ಮಾತ್ರ ಪಾಲು ಅಂದರು. ಮಿಲ್ಲು ನಿಂತಿದ್ದ ನೆಲ ಪೂರ್ತಿ ಮಾಲೀಕರ ಕೈಗೆ. ಲೋವರ್ ಪರೇಲ್‌ನಲ್ಲಿ ಇಳಿದು ನೋಡಿ, ಫೀನಿಕ್ಸ್ ಮಿಲ್ ಈಗ ಮಾಲ್, ಹಳೇ ಚಿಮಣಿ ಅಲಂಕಾರಕ್ಕೆ. ಕಲ್ಲು ಬಿದ್ದಿದ್ದು ಮಾತ್ರ ಇಡ್ಲಿ ಮಾರುವವನ ಗಾಜಿಗೆ.

ಅಮೆರಿಕದಲ್ಲೂ ಅದೇ ಕಥೆ. 2018ರಲ್ಲಿ ಟ್ರಂಪ್ ಹೊರಗಿಂದ ಬರುವ ವಾಷಿಂಗ್ ಮೆಷಿನ್‌ಗೆ ಸುಂಕ ಹಾಕಿದರು. ಮೆಷಿನ್ ಬೆಲೆ ಏರಿತು, ಸರಿ. ಸುಂಕವೇ ಇಲ್ಲದ ಡ್ರೈಯರ್ ಬೆಲೆಯೂ ಏರಿತು, ಯಾಕೆಂದರೆ ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಕೊಟ್ಟದ್ದು ಅಲ್ಲಿಯ ಗಿರಾಕಿಯೇ. ಅದಕ್ಕೆ ಸ್ವಲ್ಪ ಮೊದಲು, 2017ರ ಕೊನೆಯಲ್ಲಿ, ಕಂಪನಿಗಳ ತೆರಿಗೆಯನ್ನು ಶೇ 35ರಿಂದ 21ಕ್ಕೆ ಇಳಿಸಿದ್ದೂ ಇದೇ ಟ್ರಂಪ್ ಸರ್ಕಾರ. ಇದನ್ನು ಸಭೆಗಳಲ್ಲಿ ಅಷ್ಟು ಜೋರಾಗಿ ಕೂಗುವುದಿಲ್ಲ. ಎಲ್ಲ ಕಡೆ ಒಂದೇ ಸೂತ್ರ ಅಂತಲೂ ಅಲ್ಲ. ಫ್ರಾನ್ಸಿನ ಬಲಪಂಥೀಯ ಲೆ ಪೆನ್ ಪಕ್ಷ ಅಪ್ಪನ ಕಾಲದಲ್ಲಿ, 80ರ ದಶಕದಲ್ಲಿ, ತೆರಿಗೆ ಇಳಿಸಿ ಅನ್ನುತ್ತಿತ್ತು, ಮಗಳು ಮರೀನ್ ಕಾಲಕ್ಕೆ 60ರ ವಯಸ್ಸಿಗೇ ಪಿಂಚಣಿ ಕೊಡಿ ಅನ್ನತೊಡಗಿತು. ಎರಡೂ ಕಾಲದಲ್ಲಿ ಬದಲಾಗದ ಮಾತು, ‘ಮೊದಲು ನಮ್ಮವರಿಗೆ’.

ಇನ್ನು ನಮ್ಮ ವಿಷಯ. 2024ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮ್ಯಾನೇಜರ್ ಮಟ್ಟದಲ್ಲಿ ಶೇ 50, ಉಳಿದ ಕಡೆ ಶೇ 70 ಹುದ್ದೆ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ಗಲಾಟೆ ಆದ ಮೇಲೆ ತಡೆಹಿಡಿಯಿತು. ಅದು ಬಲಪಂಥದ ಸರ್ಕಾರವೂ ಅಲ್ಲ. ಆಗ ಇಲ್ಲಿಯ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಚಪ್ಪಾಳೆಯೋ ಚಪ್ಪಾಳೆ! ಬೆಂಗಳೂರಲ್ಲಿ ಅದು ಸರಿಯಾದರೆ 60ರ ದಶಕದಲ್ಲಿ ಇಲ್ಲಿ ನಮ್ಮನ್ನು ಓಡಿಸಲು ನೋಡಿದ್ದೂ ಸರಿಯೇ ಅಲ್ವಾ? ಚಪ್ಪಾಳೆ ತಟ್ಟಿದವರು ಇದೇ ಅಂಕಣದಲ್ಲಿ ಉತ್ತರ ಬರೆಯಲಿ.

– ಒಬ್ಬ ಓದುಗ, ಮಾಟುಂಗಾ, ಮುಂಬೈ