ಹೆಸರಿನ ಬೆನ್ನು ಹತ್ತುವವರಿಗೆ

ಪ್ರೀತಿಯ ತಂಗಿಗೆ ಕಲಬುರಗಿಯಿಂದ ಶರಣು.

ನಿನ್ನ ಲೇಖನವನ್ನು ಎರಡು ಸಲ ಓದಿದೆ. ಗುಲ್ ಎಂದರೆ ಹೂವು, ಬರ್ಗ್ ಎಂದರೆ ಎಲೆ, ಆದ್ದರಿಂದ ಗುಲ್ಬರ್ಗಾ ಹೂವೆಲೆಗಳ ಊರು ಎಂದು ಬರೆದಿದ್ದೀಯಲ್ಲ, ನಿನ್ನ ವಯಸ್ಸಿನಲ್ಲಿ ನಾನೂ ಇದನ್ನೇ ಒಂದು ವಾರಪತ್ರಿಕೆಗೆ ಬರೆದು ಹಿರಿಯರೊಬ್ಬರಿಂದ ಚೆನ್ನಾಗಿ ಬೈಸಿಕೊಂಡಿದ್ದೆ. ಆ ಪಾರಸಿ ಪದಗಳ ಅರ್ಥವೇನೋ ಸರಿ. ಆದರೆ ಕಲ್ಲುನೆಲದ ಕಲಬುರಗಿಯನ್ನು ಹೊರಗಿನಿಂದ ಬಂದವರು ತಮ್ಮ ಕಿವಿಗೆ ಒಗ್ಗಿದ ಶಬ್ದಗಳಾಗಿ ಕೇಳಿಸಿಕೊಂಡಿರಬಹುದಲ್ಲವೇ ಎಂದು ನಾನು ಯೋಚಿಸಿಯೇ ಇರಲಿಲ್ಲ. 1347ರಲ್ಲಿ ರಾಜ್ಯ ಕಟ್ಟಿ ಇಲ್ಲಿ ರಾಜಧಾನಿ ಮಾಡಿಕೊಂಡ ಬಹಮನಿ ಅರಸರು ಇದನ್ನು ಅಹಸನಾಬಾದ್ ಎಂದು ಕರೆದರು. ಆ ಹೆಸರು ನಾಣ್ಯದ ಮೇಲೆ ಉಳಿಯಿತೇ ಹೊರತು ಜನರ ಬಾಯಲ್ಲಿ ನಿಲ್ಲಲಿಲ್ಲ. 2014ರ ನವೆಂಬರ್ 1ರಂದು ಸರಕಾರಿ ಕಡತಕ್ಕೆ ಸೇರಿದ ಕಲಬುರಗಿ ಮಾತ್ರ ನಮ್ಮ ಹಳ್ಳಿಗಳ ನಾಲಿಗೆಯಲ್ಲಿ ಅದಕ್ಕೂ ಮೊದಲೇ ಇತ್ತು.

ಬೀದರಿನ ವಿಷಯ ಇನ್ನೂ ತೊಡಕಿನದು. ಬಿದಿರಿನಿಂದ ಬೀದರ್ ಬಂತು ಎನ್ನುವವರೂ ವಿದುರನ ಊರು ಎನ್ನುವವರೂ ಇದ್ದಾರೆ. ಸಂಸ್ಕೃತದ ವನ ನಮ್ಮಲ್ಲಿ ಬನವಾಗಿದೆ, ವಿದ್ಯೆ ಬಿಜ್ಜೆಯಾಗಿದೆ. ಹಾಗಾಗಿ ವಿದುರ ಬಿದುರನಾಗುವುದಕ್ಕೂ ಧ್ವನಿಯ ಅಡ್ಡಿಯಿಲ್ಲ. ಧ್ವನಿ ಒಪ್ಪಿತೆಂದ ಮಾತ್ರಕ್ಕೆ ಕಥೆ ನಿಜವಾಗುವುದಿಲ್ಲ, ಹಳೆಯ ಬರಹದಲ್ಲಿ ಆ ರೂಪ ಕಾಣಬೇಕು. ಮಳಖೇಡದಲ್ಲಿ ಈ ಕಷ್ಟವಿಲ್ಲ: ಕಾಗಿಣಾ ನದಿಯ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂಬುದಕ್ಕೆ ಬರಹದ ಆಸರೆಯಿದೆ.

ಊರ ಹೆಸರುಗಳಿಗಿಂತ ದಿನಬಳಕೆಯ ಮಾತುಗಳು ಹೆಚ್ಚು ಕಲಿಸುತ್ತವೆ ಎಂಬುದು ನನ್ನ ಅನಿಸಿಕೆ. ನಾವು ತಾಲ್ಲೂಕು ಕಚೇರಿಗೆ ಹೋಗುತ್ತೇವೆ. ತಾಲ್ಲೂಕು ಎಂಬ ಆ ಅರಬ್ಬಿ ಪದವನ್ನು ನೆರೆಮನೆಯ ಉರ್ದು ಮಾತಿನವರು ಸಂಬಂಧ ಎಂಬ ಮೂಲದ ಅರ್ಥದಲ್ಲೇ ಆಡುತ್ತಾರೆ. ನಮ್ಮ ಮನೆಯ ಪಡಸಾಲೆಗೆ ಹಾಸಿದ ಶಹಾಬಾದ್ ಕಲ್ಲನ್ನು ನನ್ನ ತಾಯಿ ಪರಸಿ ಎನ್ನುತ್ತಿದ್ದರು. ನೆಲಹಾಸು ಎಂಬರ್ಥದ ಫರ್ಶ್ ಅದರ ಹಿಂದಿದೆ. ಕನ್ನಡಕ್ಕೆ ಪರಕೀಯವಾದ ಫಕಾರವನ್ನು ಪಕಾರ ಮಾಡಿಕೊಂಡದ್ದು ಅವರಂಥವರ ನಾಲಿಗೆಯೇ. (ನಾನು ಶಾಲೆಯಲ್ಲಿ ಕಲಿತು ಬಂದು ಫರ್ಶಿ ಎಂದು ತಿದ್ದಿದಾಗ ಅವರು ಕಸಬರಿಗೆ ಬದಿಗಿಟ್ಟು ನಕ್ಕಿದ್ದರು.)

ಲೇಖನವನ್ನು ಈಗಲೇ ಅಚ್ಚಿಗೆ ಕೊಡಬೇಡ. ಒಂದು ದಿನ ಶಹಾಬಾದಿಗೆ ಹೋಗಿ, ಗಣಿಯಲ್ಲಿ ಕಲ್ಲು ಸೀಳುವವರು ತೆಳು ಪದರಕ್ಕೆ ಏನನ್ನುತ್ತಾರೆ, ದಪ್ಪ ಪದರಕ್ಕೆ ಏನನ್ನುತ್ತಾರೆ ಎಂದು ಕೇಳಿ, ಅವರು ಉಚ್ಚರಿಸಿದಂತೆಯೇ, ತಿದ್ದದೆ, ಬರೆದುಕೊಂಡು ಬಾ. ಬಂದ ಮೇಲೆ ಇಬ್ಬರೂ ನಿಘಂಟು ಮುಂದಿಟ್ಟುಕೊಂಡು ಕೂಡೋಣ.